ತೀರ್ಥದ ಬಟ್ಟಲು, ತೆರೆದ ಕಿಟಕಿ: ಸಾಂಕ್ರಾಮಿಕಗಳ ಕಾಲದ ಕಥೋಲಿಕ ಆರಾಧನೆ

ಕಥೋಲಿಕ ದೇವಾಲಯದ ಬಾಗಿಲ ಪಕ್ಕದ ಗೋಡೆಯಲ್ಲಿ ಪುಟ್ಟದೊಂದು ತೀರ್ಥದ ಬಟ್ಟಲಿರುತ್ತದೆ. ಒಳಗೆ ಕಾಲಿಡುವವರು ಅದಕ್ಕೆ ಬೆರಳದ್ದಿ ಹಣೆ, ಎದೆ, ಭುಜಗಳಿಗೆ ಮುಟ್ಟಿಸಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. 2020ರಲ್ಲಿ ಲಾಕ್‌ಡೌನ್ ಸಡಿಲವಾದ ಮೇಲೆ ಮಲ್ಲೇಶ್ವರದ ಕಡೆ ನಾನು ನೋಡಿದ ಬಟ್ಟಲು ಒಣಗಿತ್ತು. ನೀರು ನಿಲ್ಲುತ್ತಿದ್ದ ಮಟ್ಟಕ್ಕೆ ಸುಣ್ಣಗಟ್ಟಿದ ಬಿಳಿ ಗೆರೆ ಉಳಿದಿತ್ತು. ಪಕ್ಕದಲ್ಲಿ ಕಾಲಿನಿಂದ ಒತ್ತುವ ಸ್ಟ್ಯಾಂಡು, ಅದರ ಮೇಲೆ ಸ್ಯಾನಿಟೈಸರ್ ಬಾಟಲಿ. ವಯಸ್ಸಾದ ಹೆಂಗಸೊಬ್ಬರು ರೂಢಿಯಂತೆ ಬಟ್ಟಲಿಗೆ ಕೈ ಚಾಚಿದರು, ಅರ್ಧಕ್ಕೇ ಹಿಂತೆಗೆದರು. ಸ್ಯಾನಿಟೈಸರ್ ಉಜ್ಜಿಕೊಂಡು ಆ ಒದ್ದೆ ಕೈಯಿಂದಲೇ ಶಿಲುಬೆಯ ಗುರುತು ಹಾಕಿಕೊಂಡರು.

ಕಥೋಲಿಕರ ಆರಾಧನೆ ಮುಟ್ಟುವುದರ ಮೇಲೆ ನಿಂತದ್ದು. ನೀರು, ಎಣ್ಣೆ, ಬೂದಿ, ರೊಟ್ಟಿ, ಗುರುಗಳ ಹಸ್ತ, ಎಲ್ಲವೂ ಮೈಗೆ ತಾಗಬೇಕು. ಹಾಗಾಗಿ ಸಾಂಕ್ರಾಮಿಕ ಬಂದಾಗ ಮೊದಲು ಅಂಜಿಕೆ ಹುಟ್ಟಿದ್ದೂ ಮುಟ್ಟುವುದರ ಬಗ್ಗೆಯೇ. ಆದರೆ ಈ ಚರಿತ್ರೆಯನ್ನು ಹಿಂದಿನಿಂದ ನೋಡುತ್ತ ಬಂದರೆ ಬೇರೊಂದು ಸಂಗತಿ ಕಾಣುತ್ತದೆ. 1898ರ ಪ್ಲೇಗಿನಲ್ಲಾಗಲಿ 2020ರ ಕೋವಿಡ್‌ನಲ್ಲಾಗಲಿ ಮೊದಮೊದಲ ಎಚ್ಚರಿಕೆಗಳು ರೋಗದ ನಿಜವಾದ ದಾರಿಯನ್ನು ಪೂರ್ತಿ ಹಿಡಿದಿರಲಿಲ್ಲ. ಜೀವ ಉಳಿಸುವ ವಿವೇಕ ಎಷ್ಟೋ ಸಲ ಕೈಗಿಂತ ಗಾಳಿಯ ಕಡೆಗಿತ್ತು.

1898ರ ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಮೈಸೂರು ಸಂಸ್ಥಾನವನ್ನು ಆಗ ರೀಜೆಂಟರಾಗಿ ನೋಡಿಕೊಳ್ಳುತ್ತಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿ, ದಿವಾನರು ಕೆ. ಶೇಷಾದ್ರಿ ಅಯ್ಯರ್. ವಿ.ಪಿ. ಮಾಧವರಾವ್ ಪ್ಲೇಗ್ ಕಮಿಷನರ್ ಆದರು. ಪೇಟೆಯ ಇಕ್ಕಟ್ಟಿನ ಮನೆಗಳನ್ನು ತೆರವು ಮಾಡಿಸುವುದು, ರೋಗಿಗಳನ್ನೂ ಅವರ ಮನೆಯವರನ್ನೂ ಬೇರೆ ಇಡುವುದು, ಬಟ್ಟೆಬರೆ ಸುಡುವುದು, ಗೋಡೆಗೆ ಮದ್ದು ಹೊಡೆಯುವುದು ನಡೆಯಿತು. ಪ್ಲೇಗಿಗೆ ಮೊದಲೇ ಯೋಜನೆಯಲ್ಲಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಿಗೆ ಜನ ಹೊರಟದ್ದು ಈ ಹೆದರಿಕೆಯಿಂದಲೇ. ಅಗಲ ರಸ್ತೆ, ಮನೆಮನೆಯ ನಡುವೆ ಜಾಗ, ಹಿತ್ತಲ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಹೀಗೆ ಗಾಳಿ ಬೆಳಕು ಆಡಬೇಕೆಂದೇ ಗೆರೆ ಎಳೆದ ಊರು ಇದು. ಕೆಟ್ಟ ಗಾಳಿಯೇ ರೋಗದ ಮೂಲವೆಂಬ ಹಳೆಯ ನಂಬಿಕೆಯ ನೆರಳು ಆ ನಕ್ಷೆಯ ಮೇಲಿತ್ತು.

ಪ್ಲೇಗಿನ ಮಟ್ಟಿಗೆ ಆ ನಂಬಿಕೆ ಸರಿಯಿರಲಿಲ್ಲ. ಬೆಂಗಳೂರಿಗೆ ಪ್ಲೇಗು ಬರುವ ಎರಡು ತಿಂಗಳ ಮುಂಚೆ, 1898ರ ಜೂನ್ 2ರಂದು, ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಇಲಿಯ ಚಿಗಟವೇ ಪ್ಲೇಗನ್ನು ದಾಟಿಸುತ್ತದೆಂದು ಪ್ರಯೋಗದಿಂದ ಕಂಡುಕೊಂಡಿದ್ದ. ಅದನ್ನು ಒಪ್ಪಿಕೊಳ್ಳಲು ವೈದ್ಯಲೋಕ ಹಲವು ವರ್ಷ ತೆಗೆದುಕೊಂಡಿತು. ಉತ್ತರ ಸಿಕ್ಕಿತ್ತು, ಇಲ್ಲಿಗೆ ತಲುಪಿರಲಿಲ್ಲ. ಅಷ್ಟರಲ್ಲಿ ಮನೆಮಠ ಕಳೆದುಕೊಂಡ ಜನರನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕಥೋಲಿಕ ಸಂಸ್ಥೆಗಳು ಆ ಕಾಲದಲ್ಲಿ ಆರೈಕೆಯ ಕೆಲಸಕ್ಕೆ ಹೊಸಬರಾಗಿರಲಿಲ್ಲ. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರ ಸಂತ ಮಾರ್ತಾ ಆಸ್ಪತ್ರೆ 1886ರಿಂದ ನಡೆಯುತ್ತಿತ್ತು. ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆಂದು ಹೋಮಿಯೋಪಥಿ ಔಷಧಾಲಯ ತೆರೆದಿದ್ದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ್ದರು. 1902ರಲ್ಲಿ ಪ್ಲೇಗಿನವರಿಗೂ ಆಸ್ಪತ್ರೆ ಮಾಡಿದರು. ಪೂಜೆ ಮಾಡುವ ಕೈಯೇ ರೋಗಿಯನ್ನೂ ಮುಟ್ಟುತ್ತಿತ್ತು. ಇದನ್ನು ಮರೆತರೆ 2020ರಲ್ಲಿ ಆ ಕೈ ಹಿಂದೆ ಸರಿದದ್ದರ ಸಂಕಟ ಅರ್ಥವಾಗುವುದಿಲ್ಲ.

ಮುಟ್ಟದೆಯೂ ಪೂಜೆ ಸಲ್ಲಿಸುವ ದಾರಿಯೊಂದು ಧರ್ಮಸಭೆಯ ನೆನಪಿನಲ್ಲಿ ಬೆಂಗಳೂರಿನ ಪ್ಲೇಗಿಗೂ ಹಿಂದಿನಿಂದಲೇ ಇತ್ತು. 1576ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ಲೇಗು ಎದ್ದು ಜನ ಮನೆಯಿಂದ ಹೊರಬರದಂತೆ ಆಜ್ಞೆಯಾದಾಗ, ಮಹಾಧರ್ಮಾಧ್ಯಕ್ಷ ಚಾರ್ಲ್ಸ್ ಬೊರೊಮಿಯೊ ಬೀದಿ ಕೂಡುವಲ್ಲೆಲ್ಲ ಬಲಿಪೀಠಗಳನ್ನು ಹಾಕಿಸಿದರು. ಜನ ತಮ್ಮ ಕಿಟಕಿಯಲ್ಲೇ ನಿಂತು ಬಲಿಪೂಜೆಯಲ್ಲಿ ಪಾಲ್ಗೊಂಡರು. ಅದೇ ಬೊರೊಮಿಯೊ ಬರಿಗಾಲಲ್ಲಿ ಪ್ರಾಯಶ್ಚಿತ್ತದ ಮೆರವಣಿಗೆಗಳನ್ನೂ ನಡೆಸಿದರು, ಅದನ್ನು ಮುಚ್ಚಿಡಬೇಕಾಗಿಲ್ಲ. 1610ರಲ್ಲಿ ಸಂತರಾದ ಅವರಲ್ಲಿ ಎಚ್ಚರಿಕೆಯೂ ಭಕ್ತಿಯ ಆವೇಗವೂ ಒಟ್ಟಿಗೇ ಇದ್ದವು.

ಮಲ್ಲೇಶ್ವರದಲ್ಲಿ ಸಂತ ಪೇತ್ರರ ಗುರುಮಠ ನೆಲೆಗೊಂಡದ್ದು 1934ರಲ್ಲಿ. ಪ್ಲೇಗಿನ ಭಯದಲ್ಲಿ ತುಂಬಿಕೊಂಡ ಬಡಾವಣೆಯಲ್ಲಿ, ಎಂಟನೇ ಮೇನಿನ ಆ ಆವರಣದಲ್ಲಿ, ತಲೆಮಾರುಗಟ್ಟಲೆ ಗುರುಗಳು ತರಬೇತಿ ಪಡೆದಿದ್ದಾರೆ. ಬಲಿಪೂಜೆ ಲತೀನಿನಲ್ಲಿದ್ದಾಗ ಕಲಿತವರೂ ಅವರಲ್ಲಿದ್ದಾರೆ, ಧರ್ಮಸಭೆಯ 1963ರ ಆರಾಧನಾ ಸಂವಿಧಾನದ ತರುವಾಯ ಅದನ್ನು ಕನ್ನಡದಲ್ಲಿ ಅರ್ಪಿಸಲು ಕಲಿತವರೂ ಇದ್ದಾರೆ. ಯಾವ ಭಾಷೆಯಲ್ಲಾದರೂ ಕೈಗಳ ಕೆಲಸ ಉಳಿದೇ ಇತ್ತು.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ದೇಶದ ಮೊದಲ ಸಾವು ದಾಖಲಾದದ್ದು ನಮ್ಮ ಕಲಬುರಗಿಯಲ್ಲಿ. ಮಾರ್ಚ್ 25ರಂದು ದೇಶಕ್ಕೆ ಬೀಗ ಬಿತ್ತು. ಅದೇ ದಿನಾಂಕದ ವ್ಯಾಟಿಕನ್ನಿನ ಆದೇಶ ಪವಿತ್ರ ವಾರದ ವಿಧಿಗಳನ್ನು ಸಂಕ್ಷೇಪಿಸಿತು: ಜನರಿಲ್ಲದೆ ಪೂಜೆ, ಪವಿತ್ರ ಗುರುವಾರ ಪಾದ ತೊಳೆಯುವುದು ಬೇಡ, ಶುಭ ಶುಕ್ರವಾರ ಶಿಲುಬೆಗೆ ಮುತ್ತಿಡುವುದು ಪೂಜೆ ನಡೆಸುವ ಗುರುವಿಗೆ ಮಾತ್ರ. ಏಪ್ರಿಲ್ 12ರ ಪಾಸ್ಖ (ಈಸ್ಟರ್) ಹಬ್ಬವನ್ನು ಮನೆಮಂದಿ ಮೊಬೈಲಿನ ಮುಂದೆ ಕುಳಿತು ಆಚರಿಸಿದರು. ಮಿಲಾನಿನವರ ಕಿಟಕಿ ಇಲ್ಲಿ ಅಂಗೈಯಗಲದ ಪರದೆಯಾಗಿತ್ತು.

ಜೂನ್ 8ರಿಂದ ಪ್ರಾರ್ಥನಾಲಯಗಳು ತೆರೆಯಬಹುದಾಯಿತು. ಕೇಂದ್ರದ ಆರೋಗ್ಯ ಸಚಿವಾಲಯ ಅದಕ್ಕೆ ಕೊಟ್ಟ ನಿಯಮಗಳಲ್ಲಿ ಆರಡಿ ಅಂತರವಿತ್ತು, ಮೂರ್ತಿಗಳನ್ನು ಮುಟ್ಟಬಾರದೆಂದಿತ್ತು. ಪ್ರಸಾದ ಹಂಚುವಂತಿಲ್ಲ, ತೀರ್ಥ ಚಿಮುಕಿಸುವಂತಿಲ್ಲ. ಇದೇ ಸಚಿವಾಲಯ ಮಾರ್ಚ್ 15ರಂದು ಶವಸಂಸ್ಕಾರದ ಬಗ್ಗೆ ಹೊರಡಿಸಿದ ಸೂಚನೆಯನ್ನು ಪಕ್ಕದಲ್ಲಿಟ್ಟು ಓದಬೇಕು. ಅಲ್ಲಿ ದೇಹವನ್ನು ಮುಟ್ಟದೆ ಧರ್ಮಗ್ರಂಥ ಓದಬಹುದು, ತೀರ್ಥವನ್ನೂ ಚಿಮುಕಿಸಬಹುದು. ಬದುಕಿದ್ದವರಿಗೆ ದೇವಾಲಯದ ಒಳಗೆ ಸಿಗದ ತೀರ್ಥ ಸತ್ತವರಿಗೆ ಸಿಗಬಹುದಾಗಿತ್ತು. ಇದನ್ನು ಅಧಿಕಾರಿಗಳ ಎಡವಟ್ಟು ಎಂದು ಬದಿಗಿಡಲು ನಾನು ಸಿದ್ಧನಿಲ್ಲ. ಗುಂಪು ಸೇರುವ ಕಡೆ ಒಂದು ಲೆಕ್ಕ, ನಾಲ್ಕು ಜನ ದೂರ ನಿಲ್ಲುವ ಕಡೆ ಇನ್ನೊಂದು ಲೆಕ್ಕ. ದುಃಖದಲ್ಲಿರುವ ಕುಟುಂಬಕ್ಕೆ ಇಷ್ಟಾದರೂ ಉಳಿಯಲಿ ಎಂಬ ಕರುಣೆ ಆ ಮಾರ್ಚ್ ಸೂಚನೆಯಲ್ಲಿತ್ತು.

ಜೂನ್ ನಿಯಮಗಳಲ್ಲಿ ಎಲ್ಲಕ್ಕಿಂತ ಮುಂದಾಲೋಚನೆಯ ಸಾಲು ಗಾಯನದ್ದೆಂದು ನನಗನಿಸುತ್ತದೆ: ಗಾನವೃಂದ ಹಾಡಬಾರದು, ಧ್ವನಿಮುದ್ರಿತ ಭಕ್ತಿಗೀತೆ ಸಾಕು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕಾಜಿಟ್ ಕಣಿವೆಯಲ್ಲಿ ಮಾರ್ಚ್ 10ರ ಸಂಜೆ ಒಂದು ಚರ್ಚಿನ ಸಭಾಂಗಣದಲ್ಲಿ 61 ಜನ ಹಾಡಿನ ಅಭ್ಯಾಸಕ್ಕೆ ಸೇರಿದ್ದರು. 53 ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಉಸಿರೇ ದಾರಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಆದರೂ ಎಲ್ಲೆಡೆ ಬೆಂಚು ಒರೆಸುವ ಕೆಲಸಕ್ಕೆ ಸಿಕ್ಕ ಗಮನ ಕಿಟಕಿ ತೆರೆಯುವುದಕ್ಕೆ ಸಿಗಲಿಲ್ಲ. ಗಾಳಿಯ ಮೂಲಕ ಹರಡುವಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಾರ್ವಜನಿಕ ಮಾಹಿತಿಯಲ್ಲಿ ಸ್ಪಷ್ಟವಾಗಿ ಬರೆದದ್ದು 2021ರ ಏಪ್ರಿಲ್ ಕೊನೆಗೆ. ಆ ವೇಳೆಗೆ ಎರಡನೇ ಅಲೆ ನಮ್ಮ ಬೀದಿಗಳಲ್ಲಿತ್ತು. ಪ್ಲೇಗಿನ ಚಿಗಟಕ್ಕೆ ಉಪಯೋಗವಾಗದ ಮಲ್ಲೇಶ್ವರದ ಗಾಳಿ ಬೆಳಕಿನ ನಕ್ಷೆ ನೂರಿಪ್ಪತ್ತು ವರ್ಷದ ಮೇಲೆ ಬಂದ ಈ ರೋಗಕ್ಕೆ ಹೊಂದಿಕೊಂಡಿತ್ತು.

ವಿಧಿಗಳು ಬದಲಾದ ರೀತಿಯಲ್ಲೂ ಹಳೆಯದು ಮರಳಿ ಬಂತು. ಪರಮಪ್ರಸಾದವನ್ನು ನಾಲಿಗೆಯ ಮೇಲೆ ಪಡೆಯುತ್ತಿದ್ದ ಎಷ್ಟೋ ಹಿರಿಯರು ಅಂಗೈ ಒಡ್ಡಬೇಕಾಯಿತು. ಕೆಲವರಿಗೆ ಅದು ಅಪಚಾರವೆನಿಸಿ ನೋವಾಯಿತು. ಆದರೆ ನಾಲ್ಕನೇ ಶತಮಾನದಲ್ಲೇ ಜೆರೂಸಲೇಮಿನ ಸಂತ ಸಿರಿಲ್, ಎಡಗೈಯನ್ನು ಬಲಗೈಗೆ ಸಿಂಹಾಸನವಾಗಿಸಿ ಸ್ವೀಕರಿಸಬೇಕೆಂದು ಹೊಸ ವಿಶ್ವಾಸಿಗಳಿಗೆ ಕಲಿಸಿದ್ದರು. 2021ರ ಫೆಬ್ರುವರಿ 17ರ ವಿಭೂತಿ ಬುಧವಾರಕ್ಕೆ ಬಂದ ವ್ಯಾಟಿಕನ್ ಸೂಚನೆಯಂತೆ, ಗುರುಗಳು ಎಲ್ಲರಿಗೂ ಸೇರಿ ಒಂದೇ ಸಲ ಮಂತ್ರ ಹೇಳಿ, ಕೈ ಶುಚಿ ಮಾಡಿಕೊಂಡು, ಮಾಸ್ಕ್ ಧರಿಸಿ, ಮಾತಿಲ್ಲದೆ ಬೂದಿಯನ್ನು ನೆತ್ತಿಯ ಮೇಲೆ ಉದುರಿಸಬೇಕಿತ್ತು. ತಲೆಯ ಮೇಲೆ ಬೂದಿ ಸುರಿದುಕೊಳ್ಳುವುದು ಬೈಬಲಿನ ಕಾಲದ ಪಶ್ಚಾತ್ತಾಪದ ಕ್ರಮವೇ.

ಯಾವ ಹಳೆಯ ಕ್ರಮದಿಂದಲೂ ಪೂರ್ತಿ ತುಂಬಲಾಗದ ಜಾಗವೆಂದರೆ ಸಾಯುವವರ ಹಾಸಿಗೆ. ರೋಗಿಗಳ ಅಭ್ಯಂಗದಲ್ಲಿ ಗುರುಗಳು ಹಣೆಗೂ ಅಂಗೈಗಳಿಗೂ ಎಣ್ಣೆ ಹಚ್ಚುತ್ತಾರೆ. ಗುರು ತನ್ನ ಕೈಯಿಂದಲೇ ಹಚ್ಚಬೇಕು, ಗಂಭೀರ ಕಾರಣವಿದ್ದರೆ ಸಾಧನವೊಂದನ್ನು ಬಳಸಬಹುದು ಎನ್ನುತ್ತದೆ 1983ರ ಧರ್ಮಸಂಹಿತೆಯ 1000ನೇ ವಿಧಿ. ಹತ್ತಿ ಸುತ್ತಿದ ಕಡ್ಡಿಯೂ ಆ ಸಾಧನವಾಗಬಹುದು. ಒಳಗೆ ಹೋಗಲಾಗದ ವಾರ್ಡುಗಳಿಗೆ 2020ರ ಮಾರ್ಚ್ 20ರ ವ್ಯಾಟಿಕನ್ ಟಿಪ್ಪಣಿ ಇನ್ನೊಂದು ದಾರಿ ತೋರಿತು: ಒಬ್ಬೊಬ್ಬರ ಪಾಪನಿವೇದನೆ ಕೇಳಲಾಗದಿದ್ದಲ್ಲಿ ಗುರುಗಳು ವಾರ್ಡಿನ ಬಾಗಿಲಲ್ಲಿ ನಿಂತು, ಬೇಕಾದರೆ ಧ್ವನಿವರ್ಧಕ ಹಿಡಿದು, ಒಳಗಿನ ಎಲ್ಲರಿಗೂ ಒಟ್ಟಿಗೆ ಪಾಪಕ್ಷಮೆ ಸಾರಬಹುದು. ಮಾತು ಅವರ ಕಿವಿಗೆ ಬಿದ್ದರೆ ಸಾಕಿತ್ತು. ರೋಗ ಹೊತ್ತು ತಂದ ಗಾಳಿಯೇ ಆ ಮಾತನ್ನೂ ಹಾಸಿಗೆಯವರೆಗೆ ಒಯ್ಯಬೇಕಿತ್ತು.