ಲಕ್ಷದ್ವೀಪದಲ್ಲಿ ಕಡಲಾಮೆ ಸ್ನಾರ್ಕೆಲಿಂಗ್

ಲಕ್ಷದ್ವೀಪದ ಹವಳದಿಬ್ಬಗಳ ಒಳಗಿನ ಲಗೂನುಗಳಿಗೆ ದೋಣಿಯಲ್ಲಿ ಹೋಗಿ, ಮಾಸ್ಕ್ ಮತ್ತು ಉಸಿರುಕೊಳವೆ ಧರಿಸಿ, ಮುಖ ಕೆಳಗೆ ಮಾಡಿ ತೇಲುತ್ತ ಕಡಲಾಮೆಗಳನ್ನು ಅವುಗಳ ನೆಲೆಯಲ್ಲೇ ನೋಡುವ ಜಲವಿಹಾರ. ಅಗತ್ತಿ, ಬಂಗಾರಂ, ಕವರತ್ತಿ, ಕಡ್ಮತ್ ದ್ವೀಪಗಳು ಇದಕ್ಕೆ ಹೆಸರಾಗಿವೆ. ಕಡ್ಮತ್ ಸೇರಿದ ಅಮಿನ್‌ದಿವಿ ಗುಂಪಿನ ದ್ವೀಪಗಳು 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ರಚನೆಯಾಗುವ ತನಕ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ದ್ವೀಪವಾಸಿಗಳಲ್ಲದವರು ಇಲ್ಲಿಗೆ ಬರಲು ಪ್ರವೇಶ ಪರವಾನಗಿ ಪಡೆಯಬೇಕು. ಮುಂಗಾರಿನಲ್ಲಿ ಕಡಲು ಒರಟಾಗಿ ನೀರೂ ಕದಡುವುದರಿಂದ ಅಕ್ಟೋಬರ್‌ನಿಂದ ಮೇ ಮೊದಲ ಭಾಗದವರೆಗಿನ ಅವಧಿಯೇ ಸೂಕ್ತ.

ಲಗೂನಿನಲ್ಲಿ ಹೆಚ್ಚಾಗಿ ಕಾಣಿಸುವುದು ಹಸಿರು ಕಡಲಾಮೆ (ಕೆಲೋನಿಯ ಮೈಡಸ್). ಬೆಳೆದ ಆಮೆಯ ಚಿಪ್ಪು ಸುಮಾರು ಒಂದು ಮೀಟರ್ ಉದ್ದವಿದ್ದು ತೂಕ 100 ಕಿಲೋ ಮೀರಬಹುದು. ಚಿಪ್ಪಿನ ಬಣ್ಣ ಕಂದು ಅಥವಾ ಮಾಸಲು ಕಪ್ಪು. ಹಸಿರು ಎಂಬ ಹೆಸರು ಬಂದಿರುವುದು ದೇಹದೊಳಗಿನ ಕೊಬ್ಬಿನ ಬಣ್ಣದಿಂದ. ಹವಳದ ನಡುವೆ ಸ್ಪಂಜು ಹುಡುಕುತ್ತ ತಿರುಗುವ ಗಿಣಿಮೂತಿ ಆಮೆಯೂ ಆಗಾಗ ಕಣ್ಣಿಗೆ ಬೀಳುತ್ತದೆ. ಹತ್ತಿರದಿಂದ ನೋಡಿದವರು ಇವೆರಡನ್ನು ಸುಲಭವಾಗಿ ಬೇರ್ಪಡಿಸಬಹುದು: ಕಣ್ಣುಗಳ ನಡುವೆ, ಮೂತಿಯ ಮೇಲೆ, ಹಸಿರು ಆಮೆಗೆ ಒಂದು ಜೊತೆ ಹುರುಪೆಗಳಿದ್ದರೆ ಗಿಣಿಮೂತಿಗೆ ಎರಡು ಜೊತೆ.

ಬೆಳೆದ ಹಸಿರು ಆಮೆ ಬಹುಮಟ್ಟಿಗೆ ಸಸ್ಯಾಹಾರಿ. ಅದಕ್ಕೆ ಹಲ್ಲಿಲ್ಲ. ಗರಗಸದಂಥ ಅಂಚಿನ ಕೆಳದವಡೆಯಿಂದ ಕಡಲಹುಲ್ಲಿನ ಎಲೆಗಳನ್ನು ಬುಡದ ಹತ್ತಿರವೇ ಕತ್ತರಿಸುತ್ತದೆ. ತುಂಡಾದ ಎಲೆಗಳಲ್ಲಿ ಕೆಲವು ಬಾಯಿಂದ ಜಾರಿ ಮೇಲೇರುತ್ತವೆ. ತಳದ ಮರಳು ಸಣ್ಣಗೆ ಏಳುತ್ತದೆ. ಮೇಯುವಾಗ ಕೆಲವು ನಿಮಿಷಕ್ಕೊಮ್ಮೆ ಮೇಲೆ ಬಂದು, ತಲೆ ಹೊರಚಾಚಿ ಉಸಿರೆಳೆದುಕೊಂಡು ಮತ್ತೆ ಇಳಿಯುತ್ತದೆ. ವಿಶ್ರಾಂತಿಯಲ್ಲಿದ್ದರೆ ಗಂಟೆಗಟ್ಟಲೆ ನೀರಿನಡಿ ಇರಬಲ್ಲದು.

ಉಸಿರಿಗಾಗಿ ಮೇಲೇರುವ ಈ ಹೊತ್ತೇ ನೋಡುಗರಿಂದ ಆಮೆಗೆ ಹೆಚ್ಚು ತೊಂದರೆಯಾಗುವ ಹೊತ್ತು. ಈಜುಗಾರರು ಮೇಲೆ ಗುಂಪಾಗಿ ಕವಿದುಕೊಂಡರೆ ಅದು ಉಸಿರು ತೆಗೆದುಕೊಳ್ಳದೆ ದೂರ ಸಾಗಬೇಕಾಗುತ್ತದೆ. ಕನಿಷ್ಠ ಮೂರು ಮೀಟರ್ ಅಂತರ ಬಿಟ್ಟು, ಮೇಲಿನ ದಾರಿ ತೆರವಾಗಿಟ್ಟು, ಬೆನ್ನಟ್ಟದೆ ತೇಲುತ್ತಿರುವುದೇ ಸರಿಯಾದ ಕ್ರಮ. ಅಲುಗಾಡದೆ ಇದ್ದವರ ಪಕ್ಕದಲ್ಲೇ ಆಮೆ ಮೇಯುತ್ತ ಸಾಗುವುದುಂಟು. ಫಿನ್ ಬಡಿಯುತ್ತ ಹಿಂದೆ ಬಿದ್ದವರಿಗೆ ಬೆನ್ನಷ್ಟೇ ಕಂಡೀತು. ದೋಣಿಯವರು ಆಮೆಗಳಿರುವ ಕಡೆ ವೇಗ ಇಳಿಸುವುದೂ ಅಷ್ಟೇ ಮುಖ್ಯ. ಪ್ರೊಪೆಲ್ಲರಿನ ಏಟಿಗೆ ಚಿಪ್ಪು ಸೀಳುತ್ತದೆ. ಲಂಗರನ್ನು ಹವಳದ ಮೇಲೆ ಬಿಡದೆ ಬರೀ ಮರಳಿನಲ್ಲಿ ಬಿಡಬೇಕು. ಕಡಲಾಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿವೆ; ಅವನ್ನು ಹಿಡಿಯುವುದು, ಕೊಲ್ಲುವುದು, ಮೊಟ್ಟೆ ತೆಗೆಯುವುದು ಅಪರಾಧ. ಮೊದಲೆಲ್ಲ ದ್ವೀಪಗಳಲ್ಲಿ ಮರದ ದೋಣಿಗಳು ಕೆಡದಿರಲೆಂದು ಆಮೆಯ ಕೊಬ್ಬಿನ ಎಣ್ಣೆ ಬಳಿಯುತ್ತಿದ್ದರು.

ಬೇಟೆ ನಿಂತ ಮೇಲೆ ಆಮೆಗಳ ಸಂಖ್ಯೆ ಹೆಚ್ಚಿತು. ಒಂದೇ ಲಗೂನಿನಲ್ಲಿ ಬಹಳಷ್ಟು ಆಮೆಗಳನ್ನು ಕಂಡ ಪ್ರವಾಸಿಗೆ ಎಲ್ಲವೂ ಕ್ಷೇಮವೆಂದು ತೋರುವುದು ಸಹಜ. ಆದರೆ ಮೈಸೂರಿನಲ್ಲಿ ಕೇಂದ್ರ ಕಚೇರಿಯುಳ್ಳ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಅಗತ್ತಿಯಲ್ಲಿ ನಡೆಸಿದ ಅಧ್ಯಯನ ಬೇರೊಂದು ಚಿತ್ರ ಕೊಟ್ಟಿತು. ಆಮೆಗಳು ದಟ್ಟೈಸಿದ ಕಡೆ ಹುಲ್ಲು ಚಿಗುರಿದಷ್ಟೂ ಮೇವಾಗಿ ಹೋಗುತ್ತಿತ್ತು. ಎಲೆಗಳು ಗಿಡ್ಡವಾದವು, ಹೂಬಿಡುವುದು ಕುಗ್ಗಿತು, ಕೊನೆಗೆ ಹುಲ್ಲುಗಾವಲೇ ಬರಿದಾಯಿತು. ಆಗ ಆಮೆಗಳು ಬೇರೆ ದ್ವೀಪಗಳ ಲಗೂನುಗಳತ್ತ ಸರಿದವು. ಅಲ್ಲೂ ಹೀಗೆಯೇ ಆಯಿತು. ಹುಲ್ಲಿನ ಮರೆಯಲ್ಲಿ ಬೆಳೆಯುವ ಮರಿಮೀನುಗಳಿಗೆ ಆಸರೆ ತಪ್ಪಿತು. ಆಮೆ ಬಂದ ಮೇಲೆ ಮೀನು ಕಡಿಮೆಯಾಯಿತು, ಬಲೆಯೂ ಹರಿಯುತ್ತದೆ ಎಂದು ಅಗತ್ತಿಯ ಮೀನುಗಾರರು ಹೇಳುತ್ತಿದ್ದುದನ್ನು ಬರಿಯ ಅಸಹನೆಯೆಂದು ತಳ್ಳಿಹಾಕುವಂತಿಲ್ಲ.

ಇದಕ್ಕೆ ಆಮೆಯನ್ನು ದೂರುವುದೂ ನ್ಯಾಯವಲ್ಲ. ಬೆಳೆದ ಆಮೆಯನ್ನು ಹಿಡಿಯಬಲ್ಲ ಹುಲಿ ಶಾರ್ಕಿನಂಥ ದೊಡ್ಡ ಬೇಟೆಮೀನುಗಳನ್ನು ಮನುಷ್ಯ ಜಗತ್ತಿನಾದ್ಯಂತ ವಿಪರೀತವಾಗಿ ಹಿಡಿದಿದ್ದಾನೆ. ಅಂಜಿಕೆಯಿಲ್ಲದ ಕಡೆ ಆಮೆಗಳು ಒಂದೇ ಗಾವಲಿನಲ್ಲಿ ನೆಲೆಯೂರಿ ಮೇಯುತ್ತವೆ. ಜೊತೆಗೆ 1998, 2010 ಮತ್ತು 2016ರಲ್ಲಿ ಕಡಲನೀರು ಕಾದು ಇಲ್ಲಿನ ಹವಳಗಳು ಬಿಳಿಚಿ ಸತ್ತಿವೆ. ಅಲೆ ತಡೆದು ಲಗೂನನ್ನು ತಿಳಿಯಾಗಿಡುವುದು ಈ ಹವಳದ ಗೋಡೆಯೇ ಆದ್ದರಿಂದ ಅದರ ಸೊರಗು ಆಮೆಗೂ ಹುಲ್ಲಿಗೂ ತಟ್ಟುತ್ತದೆ.

ಈಜು ಬಾರದವರು ಲೈಫ್ ಜಾಕೆಟ್ ಇಲ್ಲದೆ ನೀರಿಗಿಳಿಯಬಾರದು. ತಳಕ್ಕೆ ಗಾಜು ಕೂರಿಸಿದ ದೋಣಿಯಲ್ಲಿ ಕುಳಿತೂ ಆಮೆಗಳನ್ನು ನೋಡಬಹುದು. ಸೂರ್ಯನ ಬಿಸಿಲಿಗೆ ಲೋಷನ್ ಮೆತ್ತಿಕೊಳ್ಳುವುದಕ್ಕಿಂತ ತುಂಬುತೋಳಿನ ಈಜುಡುಪು ಮೇಲು, ಏಕೆಂದರೆ ಆಕ್ಸಿಬೆಂಝೋನ್‌ನಂಥ ರಾಸಾಯನಿಕಗಳು ಹವಳಕ್ಕೆ ಹಾನಿಕರ. ಕರ್ನಾಟಕದಲ್ಲಿ ಮುರುಡೇಶ್ವರದ ಆಚೆಯ ನೇತ್ರಾಣಿ ದ್ವೀಪದ ಸುತ್ತಲೂ ಸ್ನಾರ್ಕೆಲಿಂಗ್ ನಡೆಯುತ್ತದೆ, ಅದೃಷ್ಟವಿದ್ದರೆ ಆಮೆಯೂ ಕಂಡೀತು. ಆದರೆ ಅಲ್ಲಿರುವುದು ತೆರೆದ ಕಡಲು, ಲಗೂನಲ್ಲ. ಕರಾವಳಿಯ ಮರಳದಂಡೆಗೆ ಮೊಟ್ಟೆಯಿಡಲು ಬರುವುದೂ ಮುಖ್ಯವಾಗಿ ಆಲಿವ್ ರಿಡ್ಲೆ ಎಂಬ ಬೇರೆ ಜಾತಿಯ ಆಮೆ.