7 ದಿನದಲ್ಲಿ ಸ್ಪ್ಲಿಟ್ಸ್ ಕಲಿತರೆ ಹೈಸ್ಕೂಲ್ ಡ್ಯಾನ್ಸ್ ಟೀಮಿಗೆ ಆಯ್ಕೆ ಖಚಿತವೇ?

ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಚಾಚಿ, ಎರಡೂ ನೆಲಕ್ಕೆ ತಾಗುವಂತೆ ಕೂರುವುದಕ್ಕೆ ಸ್ಪ್ಲಿಟ್ಸ್ ಎನ್ನುತ್ತಾರೆ. ‘ಒಂದೇ ವಾರದಲ್ಲಿ ಸ್ಪ್ಲಿಟ್ಸ್’ ಎಂದು ಹೇಳುವ ವಿಡಿಯೊಗಳು ನಿಮ್ಮ ಫೋನಿಗೂ ಬಂದಿರಬಹುದು. ಡಲ್ಲಾಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಅಣ್ಣನ ಮಗಳು ಶಾಲೆಯ ಡ್ಯಾನ್ಸ್ ಟೀಮಿಗೆ ಸೇರಬೇಕೆಂದಿದ್ದಾಳೆ ಎಂದು ಗೊತ್ತಾದರೆ, ಅದನ್ನು ಅವಳಿಗೆ ಕಳಿಸೋಣ ಅನ್ನಿಸುವುದು ಸಹಜ. ಕಳಿಸುವ ಮುನ್ನ ಇದನ್ನು ಓದಿ.

ಸ್ಪ್ಲಿಟ್ಸ್‌ಗೆ ಇಷ್ಟು ಬೆಲೆ ಬಂದದ್ದು ಹೇಗೆ?

ಅಮೆರಿಕದ ಹೈಸ್ಕೂಲ್ ಡ್ಯಾನ್ಸ್ ಟೀಮ್ ನಮ್ಮ ವಾರ್ಷಿಕೋತ್ಸವದ ಡ್ಯಾನ್ಸ್ ಗುಂಪಿನ ಹಾಗಲ್ಲ. ಅದಕ್ಕೆ ಕೋಚ್ ಇರುತ್ತಾರೆ, ಸಮವಸ್ತ್ರ ಇರುತ್ತದೆ, ವರ್ಷವಿಡೀ ಅಭ್ಯಾಸ ನಡೆಯುತ್ತದೆ. ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಪಂದ್ಯಗಳ ನಡುವೆ ಪ್ರದರ್ಶನ, ಜೊತೆಗೆ ಸ್ಪರ್ಧೆಗಳು. ಇದರ ಒಂದು ಮುಖ್ಯ ಬೇರು ಟೆಕ್ಸಾಸ್‌ನಲ್ಲಿದೆ. ಅಲ್ಲಿನ ಕಿಲ್ಗೋರ್ ಕಾಲೇಜಿನಲ್ಲಿ ಗಸ್ಸಿ ನೆಲ್ ಡೇವಿಸ್ ಎಂಬ ಶಿಕ್ಷಕಿ 1940ರಲ್ಲಿ ರೇಂಜರೆಟ್ಸ್ ತಂಡ ಕಟ್ಟಿದರು. ಸಾಲಾಗಿ ನಿಂತು ಎಲ್ಲರೂ ಒಟ್ಟಿಗೆ ಕಾಲನ್ನು ಮುಖದ ಎತ್ತರಕ್ಕೆ ಒದೆಯುವ ಶೈಲಿಗೆ ಆ ತಂಡ ಹೆಸರಾಯಿತು. ಆ ಒದೆತಕ್ಕೂ, ಕುಣಿತದ ಕೊನೆಯಲ್ಲಿ ಜಿಗಿದು ಸ್ಪ್ಲಿಟ್ಸ್‌ಗೆ ಇಳಿಯುವುದಕ್ಕೂ ಕಾಲು ಚೆನ್ನಾಗಿ ಬಾಗಬೇಕು. ಹಾಗಾಗಿ ಇಂದಿಗೂ ಅನೇಕ ಶಾಲೆಗಳ ಆಯ್ಕೆಯಲ್ಲಿ ಸ್ಪ್ಲಿಟ್ಸ್ ಮಾಡಿ ತೋರಿಸಿ ಎನ್ನುತ್ತಾರೆ.

ಆದರೆ ಅದೊಂದೇ ಅಲ್ಲ. ಆಯ್ಕೆಯನ್ನು ಟ್ರೈಔಟ್ ಎನ್ನುತ್ತಾರೆ. ಸಾಮಾನ್ಯವಾಗಿ ಮುಂದಿನ ಶಾಲಾ ವರ್ಷಕ್ಕೆ ವಸಂತ ಕಾಲದಲ್ಲೇ ನಡೆಯುತ್ತದೆ. ಹೆಚ್ಚಿನ ಕಡೆ ಮೊದಲು ಎರಡು ಮೂರು ದಿನ ಒಂದು ಹೊಸ ನೃತ್ಯವನ್ನು ಹೇಳಿಕೊಡುತ್ತಾರೆ. ಆಮೇಲೆ ಎದೆಗೆ ನಂಬರ್ ಅಂಟಿಸಿಕೊಂಡ ಮಕ್ಕಳು ಇಬ್ಬರು ಮೂವರಾಗಿ ತೀರ್ಪುಗಾರರ ಮುಂದೆ ಅದನ್ನು ಮಾಡಬೇಕು. ಹೆಜ್ಜೆ ನೆನಪಿದೆಯೇ, ತಾಳಕ್ಕೆ ಸರಿಯಾಗಿದೆಯೇ, ಕೈಕಾಲು ಸ್ಪಷ್ಟವಾಗಿ ಚಾಚುತ್ತವೆಯೇ, ತಪ್ಪಿದಾಗ ಮುಖ ಬಾಡಿಸದೆ ಮುಂದುವರಿಯುತ್ತಾರೆಯೇ, ಇವಕ್ಕೆಲ್ಲ ಅಂಕ. ಒಂಟಿ ಕಾಲಿನ ಮೇಲೆ ಸುತ್ತುವುದು, ಜಿಗಿತ, ಒದೆತ ಬೇರೆ. ಇಷ್ಟೊಂದು ಸಾಲುಗಳಿರುವ ಅಂಕಪಟ್ಟಿಯಲ್ಲಿ ಸ್ಪ್ಲಿಟ್ಸ್ ಒಂದು ಸಾಲು.

ಭರತನಾಟ್ಯ ಕಲಿತ ಮಕ್ಕಳಿಗೆ ತಾಳ, ನೆನಪು, ಮುಖಭಾವ ಈಗಾಗಲೇ ಕೈವಶ. ಅವರಿಗೆ ಹೊಸದಾಗುವುದು ಬೇರೆಯದು. ಅರಮಂಡಿಯಲ್ಲಿ ಮಂಡಿ ಹೊರಕ್ಕೆ ತಿರುಗಿ ಬಾಗಿರುತ್ತದೆ. ಇಲ್ಲಿ ಒದೆಯುವಾಗ ಮಂಡಿ ನೇರವಾಗಿರಬೇಕು, ಬೆನ್ನು ಬಾಗಬಾರದು. ಪಾಮ್ ಎಂಬ ಶೈಲಿಯಲ್ಲಿ ಹಸ್ತಮುದ್ರೆಗೆ ಜಾಗವಿಲ್ಲ, ಮಣಿಕಟ್ಟು ಬಾಗದೆ ಮುಷ್ಟಿ ಬಿಗಿಯಾಗಿರಬೇಕು.

ವಾರದಲ್ಲಿ ಸ್ನಾಯು ಉದ್ದವಾಗುತ್ತದೆಯೇ?

ಇಲ್ಲ. ಕೆಲವು ದಿನ ಚಾಚಿದ ಮೇಲೆ ಇನ್ನಷ್ಟು ಕೆಳಗೆ ಹೋಗಲು ಸಾಧ್ಯವಾಗುವುದು ನಿಜ. ಆದರೆ ಆ ಲಾಭದ ಬಹುಪಾಲು ಸಹನೆಯಿಂದ ಬರುತ್ತದೆ. ಅಂದರೆ ನರಮಂಡಲ ಆ ಎಳೆತವನ್ನು ತಡೆದುಕೊಳ್ಳಲು ಒಪ್ಪುತ್ತದೆ. ಈಗಾಗಲೇ ನೆಲಕ್ಕೆ ನಾಲ್ಕು ಬೆರಳಷ್ಟೇ ಬಾಕಿ ಇರುವವರು ಒಂದು ವಾರದಲ್ಲಿ ತಲುಪಬಹುದು. ಮೊದಲ ದಿನ ಮತ್ತು ಏಳನೇ ದಿನದ ಫೋಟೊ ತೋರಿಸುವವರಲ್ಲಿ ಇಂಥವರೆಷ್ಟೋ ಯಾರಿಗೆ ಗೊತ್ತು. ಗಟ್ಟಿ ಮೈಯವರಿಗೆ ತಿಂಗಳುಗಳೇ ಬೇಕು.

ಹದಿಹರೆಯದವರಿಗೆ ಇನ್ನೊಂದು ತೊಡಕಿದೆ, ಇದನ್ನು ಆ ವಿಡಿಯೊಗಳು ಹೇಳುವುದಿಲ್ಲ. ಮಕ್ಕಳು ಸರಸರ ಎತ್ತರವಾಗುವ ವಯಸ್ಸಿನಲ್ಲಿ ಮೂಳೆ ಮೊದಲು ಬೆಳೆಯುತ್ತದೆ, ಸ್ನಾಯು ಹಿಂದೆ ಬೀಳುತ್ತದೆ. ಹೋದ ವರ್ಷ ಸಲೀಸಾಗಿ ಬಾಗುತ್ತಿದ್ದ ಮೈ ಈ ವರ್ಷ ಬಿಗಿಯಾಗುವುದು ಅದಕ್ಕೇ, ಸೋಮಾರಿತನವಲ್ಲ. ತೊಡೆಯ ಹಿಂಭಾಗದ ಸ್ನಾಯುವಿನ ಮೇಲ್ತುದಿ ನಾವು ಕೂತಾಗ ಕೆಳಗೆ ಒತ್ತುವ ಮೂಳೆಗೆ ಅಂಟಿರುತ್ತದೆ. ಆ ಜಾಗ ಹದಿಹರೆಯದಲ್ಲಿ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಬೆಳೆಯುವ ಮೃದ್ವಸ್ಥಿ ಅಲ್ಲಿರುತ್ತದೆ. ಬಲವಂತವಾಗಿ ಎಳೆದರೆ ಸ್ನಾಯು ಹರಿಯುವ ಬದಲು ಮೂಳೆಯ ಚೂರೇ ಕಿತ್ತು ಬರಬಹುದು. ‘ಟಕ್’ ಎಂದ ಸದ್ದು, ಕೂಡಲೇ ತೀವ್ರ ನೋವು, ಕೂರಲು ನಡೆಯಲು ಕಷ್ಟ, ಇವು ಅದರ ಲಕ್ಷಣ. ಇದನ್ನು ಬರೀ ಉಳುಕು ಎಂದು ಎಣ್ಣೆ ತಿಕ್ಕಿ ಸುಮ್ಮನಾಗುವುದು ಅಪಾಯ, ಎಕ್ಸ್‌ರೇ ಬೇಕು. ಹೆಚ್ಚಿನವರಿಗೆ ವಾರಗಟ್ಟಲೆ ವಿಶ್ರಾಂತಿ, ಊರುಗೋಲು ಸಾಕಾಗುತ್ತದೆ. ಚೂರು ತುಂಬಾ ದೂರ ಸರಿದಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಇನ್ನೊಬ್ಬರು ಭುಜ ಒತ್ತಿ ಕೂರಿಸುವುದಂತೂ ಕೂಡದು. 2017ರಲ್ಲಿ ಡೆನ್ವರ್ ನಗರದ ಒಂದು ಹೈಸ್ಕೂಲಿನ ಚಿಯರ್‌ಲೀಡಿಂಗ್ ಶಿಬಿರದಲ್ಲಿ, ಅಳುತ್ತಿದ್ದ ಹುಡುಗಿಯನ್ನು ಹಿಡಿದು ಸ್ಪ್ಲಿಟ್ಸ್‌ಗೆ ಒತ್ತಿದ ವಿಡಿಯೊ ಹೊರಬಂದಿತ್ತು. ಬೇಡ ಎಂದು ಅವಳು ಬೇಡಿಕೊಳ್ಳುವುದು ಅದರಲ್ಲಿ ಕೇಳುತ್ತದೆ. ಕೋಚ್ ಕೆಲಸ ಕಳೆದುಕೊಂಡರು. ನಮ್ಮಲ್ಲಿ ‘ಗುರುಗಳು ಒತ್ತಿದರೇನೇ ಮೈ ಬಾಗೋದು’ ಎನ್ನುವವರು ಇನ್ನೂ ಇದ್ದಾರೆ, ಅವರಿಗೂ ಇದು ಅನ್ವಯಿಸುತ್ತದೆ.

ಒಂದೇ ವಾರ ಉಳಿದಿದ್ದರೆ?

ಬಾಗುವಿಕೆಗಿಂತ ಹೆಜ್ಜೆ ಕಲಿಯುವ ವೇಗದ ಮೇಲೆ ಸಮಯ ಹಾಕುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ಪರಿಚಯವಿಲ್ಲದ ನೃತ್ಯದ ವಿಡಿಯೊ ಒಂದನ್ನು ಹಾಕಿ, ಒಂದು ಗಂಟೆಯಲ್ಲಿ ಕಲಿತು, ಮನೆಯವರ ಮುಂದೆ ನಿಲ್ಲದೆ ಮಾಡಿ ತೋರಿಸಬಹುದು. ಟ್ರೈಔಟ್‌ಗೆ ಸ್ವಲ್ಪ ಮೊದಲು ಒಂದೇ ಭಂಗಿಯಲ್ಲಿ ನಿಮಿಷಕ್ಕಿಂತ ಹೆಚ್ಚು ಚಾಚಿ ಕೂರಬಾರದು, ಅದರಿಂದ ಜಿಗಿತದ ಬಲ ಕೆಲಹೊತ್ತು ಕುಗ್ಗುತ್ತದೆ. ನಿಧಾನ ಓಟ, ಕಾಲು ಬೀಸುವುದು, ಸಣ್ಣ ಜಿಗಿತಗಳಿಂದ ಮೈ ಬಿಸಿ ಮಾಡಿಕೊಂಡರೆ ಸಾಕು. ಚಾಚುವಾಗ ಸ್ನಾಯುವಿನ ನಡುವೆ ಹಿತವಾದ ಎಳೆತ ಇದ್ದರೆ ಪರವಾಗಿಲ್ಲ, ಕೂರುವ ಮೂಳೆಯ ಹತ್ತಿರ ಚುಚ್ಚಿದರೆ ನಿಲ್ಲಿಸಬೇಕು.

‘ತೆಳ್ಳಗಾದರೆ ಆಯ್ಕೆ’ ಎಂದು ಊಟ ಬಿಡುವುದೂ ಕೇಳಿಬರುತ್ತದೆ. ಖಾಲಿ ಹೊಟ್ಟೆಯಲ್ಲಿ ಹೊಸ ಹೆಜ್ಜೆ ತಲೆಗೆ ಹತ್ತುವುದು ಕಷ್ಟ. ತಿಂಗಳುಗಟ್ಟಲೆ ಕಡಿಮೆ ತಿಂದು ಹೆಚ್ಚು ಕುಣಿದರೆ ಮುಟ್ಟು ನಿಲ್ಲಬಹುದು, ಮೂಳೆ ಸವೆದು ಬಿರುಕು ಬಿಡಬಹುದು. ಸತತ ಮೂರು ತಿಂಗಳು ಮುಟ್ಟಾಗದಿದ್ದರೆ ‘ಡ್ಯಾನ್ಸ್ ಮಾಡುವವರಿಗೆ ಹಾಗೇ’ ಎಂದುಕೊಳ್ಳದೆ ವೈದ್ಯರಿಗೆ ತೋರಿಸಿ.

ಕಾಗದಪತ್ರದ ವಿಷಯವೂ ಒಂದಿದೆ. ಅನೇಕ ಶಾಲೆಗಳು ವೈದ್ಯರು ಸಹಿ ಮಾಡಿದ ದೇಹ ತಪಾಸಣೆಯ ಫಾರಂ ಇಲ್ಲದೆ ಟ್ರೈಔಟ್‌ಗೆ ಬಿಡುವುದಿಲ್ಲ, ತರಗತಿಯ ಅಂಕಗಳನ್ನೂ ನೋಡುತ್ತವೆ. ಸಮವಸ್ತ್ರ, ಶಿಬಿರ, ಪ್ರಯಾಣದ ಖರ್ಚು ಮನೆಯವರ ಮೇಲೆ ಬೀಳುವುದೂ ಉಂಟು, ಅದನ್ನು ಪೋಷಕರ ಸಭೆಯಲ್ಲೇ ಕೇಳಿಕೊಳ್ಳಬಹುದು. ಕೆಲವು ಶಾಲೆಗಳಲ್ಲಿ ಮುಖ್ಯ ತಂಡದ ಜೊತೆ ಕಿರಿಯರ ತಂಡವೂ ಇರುತ್ತದೆ. ಸ್ಪ್ಲಿಟ್ಸ್ ಇನ್ನೂ ಬಾರದ ಮಕ್ಕಳು ಅಲ್ಲಿ ಸೇರಿ, ಮುಂದಿನ ವಸಂತದ ಹೊತ್ತಿಗೆ ನಿಧಾನವಾಗಿ ಕಲಿಯಬಹುದು.