ಸ್ಲಗ್ ಎಲ್ಲಿಂದ ಬಂತು?

ಜಾಂಗೋದಲ್ಲಿ ಕೆಲಸ ಮಾಡಿದವರಿಗೆ ಸ್ಲಗ್‌ಫೀಲ್ಡ್ ಗೊತ್ತೇ ಇರುತ್ತೆ. ವೆಬ್ ವಿಳಾಸದ ಕೊನೆಯಲ್ಲಿ ಅಡ್ಡಗೆರೆ ಹಾಕಿ ಜೋಡಿಸಿದ ಪುಟ್ಟ ಹೆಸರಿರುತ್ತಲ್ಲ, ಅದನ್ನು ಇಡೋ ಜಾಗ. ಈ 'ಸ್ಲಗ್' ಕಂಪ್ಯೂಟರಿನವರು ಹುಟ್ಟಿಸಿದ ಪದ ಅಲ್ಲ. ಇನ್ನೂ ಅಚ್ಚಾಗದ ಸುದ್ದಿಯನ್ನು ಗುರುತಿಸೋಕೆ ಇಂಗ್ಲಿಷ್ ಪತ್ರಿಕಾ ಕಚೇರಿಗಳಲ್ಲಿ ಕೊಡುವ ಚುಟುಕು ಹೆಸರು ಅದು. ಫ್ರೇಮ್‌ವರ್ಕಿನೊಳಗೆ ಅದು ಉಳಿದುಕೊಂಡಿರೋದು ಯಾಕೆಂದರೆ, ಜಾಂಗೋ ಹುಟ್ಟಿದ್ದೇ ಪತ್ರಿಕೆಯ ಆಫೀಸಿನಲ್ಲಿ.

ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನ ಪತ್ರಿಕೆ ಲಾರೆನ್ಸ್ ಜರ್ನಲ್-ವರ್ಲ್ಡ್. 2003ರಲ್ಲಿ ಅದರ ವೆಬ್ ವಿಭಾಗದಲ್ಲಿದ್ದವರು ಏಡ್ರಿಯನ್ ಹೊಲೊವಾಟಿ ಮತ್ತು ಇಂಗ್ಲೆಂಡಿನಿಂದ ಬಂದಿದ್ದ ವಿದ್ಯಾರ್ಥಿ ಸೈಮನ್ ವಿಲಿಸನ್. ಪಿಎಚ್‌ಪಿ ಸಾಕಾಗಿ ಇಬ್ಬರೂ ಪೈಥಾನ್ ಹಿಡಿದರು. ಸುದ್ದಿಮನೆಯ ಗಡುವು ಅಂದರೆ ನಮ್ಮ ಸ್ಪ್ರಿಂಟ್ ಥರ ಎರಡು ವಾರದ್ದಲ್ಲ, ಕೆಲವೊಮ್ಮೆ ಕೆಲವೇ ಗಂಟೆಗಳದ್ದು. ಪ್ರತಿಸಲವೂ ಮೊದಲಿಂದ ಕೋಡ್ ಬರೀತಾ ಕೂತರೆ ಸುದ್ದಿ ಹಳಸಿಹೋಗುತ್ತೆ. ಮತ್ತೆ ಮತ್ತೆ ಬೇಕಾಗಿದ್ದನ್ನು ಎತ್ತಿಟ್ಟುಕೊಂಡು ಹೋದದ್ದೇ ಕೊನೆಗೆ ಫ್ರೇಮ್‌ವರ್ಕ್ ಆಯಿತು. ಆಮೇಲೆ ಜೇಕಬ್ ಕಪ್ಲಾನ್-ಮಾಸ್ ಸೇರಿಕೊಂಡರು. 2005ರ ಜುಲೈನಲ್ಲಿ, ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಹೆಸರಿಟ್ಟು, ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು.

'ಬ್ಯಾಟರಿ ಸಮೇತ' ಅನ್ನೋದು ಪೈಥಾನಿನ ಹಳೇ ಮಾತು. ಜಾಂಗೋ ಬ್ಯಾಟರಿಗಳಲ್ಲಿ ಅತಿ ಹೆಸರುವಾಸಿ ಅಡ್ಮಿನ್. ಮಾಡೆಲ್ ಬರೆದು ರಿಜಿಸ್ಟರ್ ಮಾಡಿದರೆ ಸಾಕು, ಮಾಹಿತಿ ತುಂಬುವ ಪುಟ ತಾನಾಗೇ ಸಿದ್ಧ. ಪ್ರೋಗ್ರಾಮರ್ ಪಕ್ಕದಲ್ಲಿ ಇಲ್ಲದಿದ್ದರೂ ಪತ್ರಿಕೆಯವರು ತಮ್ಮ ಕೆಲಸ ತಾವೇ ಮಾಡಿಕೊಳ್ಳಬಹುದು. ಅದು ಇರೋದು ನಂಬಿಕಸ್ತ ಒಳಗಿನವರಿಗೆ. ಅದನ್ನೇ ಸ್ವಲ್ಪ ಸಿಂಗರಿಸಿ ಗ್ರಾಹಕರ ಕೈಗೆ ಕೊಡೋ ಸ್ಟಾರ್ಟಪ್‌ಗಳು ಆಮೇಲೆ ಒದ್ದಾಡೋದಕ್ಕೆ ಕಾರಣವೂ ಇದೇ ಅಂತ ನನ್ನ ಲೆಕ್ಕ.

ಇಷ್ಟೆಲ್ಲ ಇದ್ದ ಪೆಟ್ಟಿಗೆಯಲ್ಲಿ ಒಂದು ದೊಡ್ಡ ತೂತಿತ್ತು. 2008ರಲ್ಲಿ 1.0 ಬಂದಾಗಲೂ ಸಿಂಕ್‌ಡಿಬಿ ಹೊಸ ಟೇಬಲ್ ಮಾಡುತ್ತಿತ್ತೇ ಹೊರತು ಹಳೆಯದನ್ನು ಮುಟ್ಟುತ್ತಿರಲಿಲ್ಲ. ಒಂದು ಕಾಲಮ್ ಸೇರಿಸಬೇಕಾ? ಕೈಯಾರೆ ಎಸ್‌ಕ್ಯೂಎಲ್ ಬರೀಬೇಕು, ಪ್ರೊಡಕ್ಷನ್ ಸರ್ವರ್‌ನಲ್ಲಿ ಉಸಿರು ಬಿಗಿಹಿಡಿದು ಓಡಿಸಬೇಕು. ಆ ತೂತು ಮುಚ್ಚಿದ್ದು ಹೊರಗಿನ ಒಂದು ಸಲಕರಣೆ, ಆಂಡ್ರ್ಯೂ ಗಾಡ್ವಿನ್ ಬರೆದ ಸೌತ್. ಹೆಚ್ಚೂಕಮ್ಮಿ ಎಲ್ಲರೂ ಅದನ್ನೇ ಹಾಕಿಕೊಂಡರು. ಅಷ್ಟು ಜನರ ಡೇಟಾಬೇಸಿನ ಕ್ಷೇಮ ಅಧಿಕೃತ ಪೆಟ್ಟಿಗೆಯಲ್ಲೇ ಇಲ್ಲದ ಒಂದು ಆಡ್-ಆನ್ ಮೇಲೆ ನಿಂತಿತ್ತು. 2013ರಲ್ಲಿ, ಇದನ್ನು ಜಾಂಗೋ ಒಳಗೇ ಹೊಸದಾಗಿ ಕಟ್ಟುತ್ತೇನೆ ಅಂತ ಗಾಡ್ವಿನ್ ಕಿಕ್‌ಸ್ಟಾರ್ಟರ್‌ನಲ್ಲಿ 2,500 ಪೌಂಡ್ ಕೇಳಿದರು. ಜನ ಅದರ ಹಲವು ಪಟ್ಟು ಕೊಟ್ಟರು. 2014ರ ಸೆಪ್ಟೆಂಬರಿನ 1.7ರಲ್ಲಿ ಅದು ಬಂತು. ಇವತ್ತು ಮೊನ್ನೆ ಸೇರಿದ ಹುಡುಗಿಯೂ ಯೋಚನೆ ಮಾಡದೆ ಮೇಕ್‌ಮೈಗ್ರೇಷನ್ಸ್ ಅಂತ ಟೈಪ್ ಮಾಡ್ತಾಳೆ.

ಪೆಟ್ಟಿಗೆಯಿಂದ ಹೊರಗೆ ಹೋದವೂ ಇವೆ. ಲೋಕಲ್‌ಫ್ಲೇವರ್ ಅನ್ನೋದರಲ್ಲಿ ಬೇರೆ ಬೇರೆ ದೇಶಗಳ ವಿಳಾಸದ ನಿಯಮಗಳಿದ್ದವು. ಕರ್ನಾಟಕವೂ ಸೇರಿ ನಮ್ಮ ರಾಜ್ಯಗಳ ಪಟ್ಟಿ, ಪಿನ್‌ಕೋಡ್ ತಪಾಸಣೆ ಎಲ್ಲ ಇತ್ತು. 1.6ರಲ್ಲಿ ಅದನ್ನು ಪ್ರತ್ಯೇಕ ಪ್ಯಾಕೇಜ್ ಮಾಡಿದರು. ಒಳ್ಳೇದೇ ಆಯ್ತು. ಮರುವರ್ಷ ಜೂನ್‌ನಲ್ಲಿ ತೆಲಂಗಾಣ ಬೇರೆಯಾಯಿತು. ಒಂದು ಹೆಸರು ಸೇರಿಸೋಕೆ ಇಡೀ ಫ್ರೇಮ್‌ವರ್ಕಿನ ಮುಂದಿನ ಆವೃತ್ತಿಗೆ ಕಾಯೋದು ಯಾರಿಗೆ ಬೇಕು?

ಡೀಬಗ್ ಟೂಲ್‌ಬಾರ್ ಮಾತ್ರ ಯಾವತ್ತೂ ಒಳಗೆ ಬರಲೇ ಇಲ್ಲ. ಒಂದು ಪುಟ ತೆರೆಯೋಕೆ ನಿಮ್ಮ ಕೋಡ್ ಡೇಟಾಬೇಸಿಗೆ ಎಷ್ಟು ಸಲ ಓಡಿಹೋಗಿ ಬಂತು ಅಂತ ಪಟ್ಟಿ ಮಾಡಿ ತೋರಿಸೋದು ಅದೇ. ಅದನ್ನು ಈಗಲೂ ಪಿಪ್‌ನಲ್ಲಿ ನೀವೇ ಹಾಕಿಕೊಳ್ಳಬೇಕು.